ಟಿಕೆಟ್ಟಿನ ಖಾತೆ ಬದಲಾವಣೆ

ಉಡುತಡಿಯ ಬೆನಕಪ್ಪ ತನ್ನ ಮಗಳನ್ನು ವಿಮಾನದಲ್ಲಿ ಕಳಿಸುತ್ತಿದ್ದಾನೆ ಎಂಬ ಸುದ್ದಿಯನ್ನು ಊರಿಗೆ ಮುಟ್ಟಿಸಿದವನು ಸ್ವತಃ ಬೆನಕಪ್ಪನೇ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಮೂರು ಸಲ, ಕ್ಷೌರದಂಗಡಿಯಲ್ಲಿ ಎರಡು ಸಲ, ಕುರಿಗೆ ಜಂತುಹುಳದ ಔಷಧಿ ಈಸಿಕೊಳ್ಳುವಾಗ ಕಾಂಪೌಂಡರನಿಗೆ ಒಂದು ಸಲ ಹೇಳಿದ. ಹೇಳಲು ಮನುಷ್ಯರು ತೀರಿದ ಮೇಲೆ ಅಂಬ್ಲಿಗೊಳದ ಕಾಲುವೆ ಏರಿಯಲ್ಲಿ ಮೇಯುತ್ತಿದ್ದ ತನ್ನ ನೂರಿಪ್ಪತ್ತು ಕುರಿಗಳಿಗೂ ಹೇಳಿದ್ದನೆಂದು ಹೆಂಡತಿ ದ್ಯಾಮಮ್ಮನ ದೂರು.

ವಿಷಯ ಹೇಳಿಕೊಳ್ಳುವಂಥದೇ. ಮಗಳು ಮಮತಾ ಹೈದರಾಬಾದಿನಲ್ಲಿ ಕುರಿ-ಮೇಕೆಗಳ ಲಸಿಕೆ ತಯಾರಿಸುವ ಒಂದು ಪ್ರಯೋಗಾಲಯದ ಸಹಾಯಕಿ ಹುದ್ದೆಗೆ ಆಯ್ಕೆಯಾಗಿದ್ದಳು. ನಾಲ್ಕು ವರ್ಷ, ಐದು ಪರೀಕ್ಷೆ, ಕೊನೆಗೊಂದು ಕಾಗದ. ಗುರುವಾರ ಬೆಳಿಗ್ಗೆ ಮೂಲ ದಾಖಲೆಗಳ ಸಮೇತ ಅಭ್ಯರ್ಥಿ ಖುದ್ದಾಗಿ ಹಾಜರಾಗಬೇಕು. ಹತ್ತು ಗಂಟೆಗೆ ಗೇಟು ಮುಚ್ಚಲಾಗುವುದು. ಗೇಟು ಮುಚ್ಚಿದ ನಂತರ ಬಂದವರಿಗೆ ಪ್ರವೇಶವಿಲ್ಲ, ಅವರ ಜಾಗ ಪಟ್ಟಿಯಲ್ಲಿ ಕೆಳಗಿರುವವರಿಗೆ ಹೋಗುತ್ತದೆ. ಕಾಗದದಲ್ಲಿ ಮೂರೇ ಸಾಲಿದ್ದವು, ಮೂರೂ ಚಾಕುವಿನಂತಿದ್ದವು.

"ಬಸ್ಸಿಗೆ ಹೋಗ್ತೀನಪ್ಪ. ಸಂಜಿಗೆ ಕುಂತ್ರೆ ಬೆಳಿಗ್ಗೆ ಹೈದರಾಬಾದು" ಎಂದಿದ್ದಳು ಮಮತಾ.

"ಹೆಣ್ಣುಡುಗಿ, ಒಬ್ಬಾಕಿ, ರಾತ್ರಿ ಬಸ್ಸಿನಾಗ. ಜನ ಏನಂದಾರು."

ಜನ ಏನೂ ಅಂದಿರಲಿಲ್ಲ. ಈ ಜನ ಎಂಬುವರು ಯಾರೆಂದು ದೇಶದ ಯಾವ ಜನಗಣತಿಯೂ ಪತ್ತೆ ಹಚ್ಚಿಲ್ಲ. ಹೆಣ್ಣುಮಕ್ಕಳು ಚೀಲ ಹೆಗಲಿಗೇರಿಸುವ ಹೊತ್ತಿಗೆ ಮಾತ್ರ ಅವರು ಎಲ್ಲಿಂದಲೋ ಬಂದು ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ಅವರಿಗೆ ಹೆದರಿ ಬೆನಕಪ್ಪ ಎರಡು ಟಗರು ಮಾರಿದ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಶಿವಮೊಗ್ಗದಿಂದ ಹೊರಡುವ ನೀಲಾಂಬರಿ ಏರ್‌ಲೈನ್ಸ್ ವಿಮಾನಕ್ಕೆ, ಶಿಕಾರಿಪುರದ ಸಿದ್ಧಲಿಂಗೇಶನ ಆನ್‌ಲೈನ್ ಸೆಂಟರಿನಲ್ಲಿ ಟಿಕೆಟ್ ಮಾಡಿಸಿದ.

ಸೋಮವಾರ ಮಧ್ಯಾಹ್ನ ಬೋರ್ಡಿಂಗ್ ಪಾಸ್ ತೆಗೆಸಲು ಅಪ್ಪ-ಮಗಳು ಅದೇ ಸೆಂಟರಿಗೆ ಹೋದರು.

"ವಿಮಾನದೋರು ನಿಯಮ ಎಲ್ಲಾ ಬದಲು ಮಾಡ್ಯಾರ ಕಾಕಾ" ಎಂದ ಸಿದ್ಧಲಿಂಗೇಶ, ಕೀಲಿಮಣೆ ಕುಟ್ಟುತ್ತ. "ಚೆಕ್-ಇನ್ ಮೊದ್ಲೇ ಮಾಡ್ಕಂಡು ಹೋಗ್ಬೇಕು. ಅಲ್ಲಿ ಹೋಗಿ ಮಾಡ್ಸಿದ್ರ ದಂಡ. ಒಂದು ತಾಸು ಮುಂಚೆ ಕೌಂಟರ್ ಬಂದ್. ಇಪ್ಪತ್ತೈದು ನಿಮಿಷ ಮುಂಚೆ ಗೇಟು ಬಂದ್."

"ಬಸ್ಸಿನೋರು ಹೊರಟ ಮ್ಯಾಲೂ ಓಡಿ ಬಂದ್ರ ನಿಲ್ಲಿಸ್ತಾರಲ್ಲೋ."

"ಇವ್ರು ಹೊರಡೋಕಿಂತ ಮುಂಚೆನೇ ಹೊರಟಿರ್ತಾರ."

ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು. ಮಮತಾ ಅದನ್ನು ಎತ್ತಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. "ಅಣ್ಣಾ, ಇದ್ರಾಗ ಅಪ್ಪನ ಹೆಸ್ರೈತಿ."

ಹಾಳೆಯಲ್ಲಿ ಹೀಗಿತ್ತು: ಬೆನಕಪ್ಪ, ಗಂಡು, ಐವತ್ನಾಲ್ಕು ವರ್ಷ, ಸೀಟು ಹದಿನೇಳು ಎ, ಕಿಟಕಿ.

ಸಿದ್ಧಲಿಂಗೇಶ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ನಾ ಕೇಳ್ದೆ. ಯಾರ ಹೆಸ್ರಿಗೆ ಮಾಡ್ಲಿ ಅಂದೆ. ಮನಿ ಯಜಮಾನ ನಾ ಕುಂತೀನಿ, ಇನ್ಯಾರ ಹೆಸ್ರಿಗೆ ಮಾಡ್ತೀಯೋ ಅಂದ್ರು. ಆಧಾರ್ ಕೊಟ್ರು. ನಾ ಹಾಕ್ದೆ."

ಬೆನಕಪ್ಪನ ಮುಖದಲ್ಲಿ ತಪ್ಪು ಮಾಡಿದವನ ಗುರುತೇ ಇರಲಿಲ್ಲ. "ಈಗೇನಾತು? ಕರೆಂಟ್ ಮೀಟ್ರು ನನ್ನ ಹೆಸ್ರಿಗೈತಿ, ಬಲ್ಬು ಎಲ್ಲಾರಿಗೂ ಉರಿಯಂಗಿಲ್ಲೇನು? ಗ್ಯಾಸು ನನ್ನ ಹೆಸ್ರಿಗೈತಿ. ಒಂದು ದಿನ ಆದ್ರೂ ನಾ ಒಲಿ ಮುಟ್ಟೀನಾ? ಹೆಸ್ರು ನಂದು, ಉಪಯೋಗ ಮನೇರ್ದು. ಹಂಗೇ ಇದೂ."

ಈ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಹೊಲ ಉಳುವವಳು ಒಬ್ಬಳು, ಪಹಣಿ ಇನ್ನೊಬ್ಬನದು ಎಂಬ ಏರ್ಪಾಡನ್ನು ಸರ್ಕಾರಗಳೂ ಬ್ಯಾಂಕುಗಳೂ ತಲೆತಲಾಂತರದಿಂದ ಒಪ್ಪಿಕೊಂಡು ಬಂದಿರುವಾಗ ವಿಮಾನದವರಿಗೆ ಮಾತ್ರ ಏನು ತೊಂದರೆ? ಆದರೆ ತೊಂದರೆಯಿತ್ತು. ಅದನ್ನು ತಿಳಿಯಲು ಕಂಪನಿಯ ನಂಬರಿಗೆ ಫೋನು ಮಾಡಿ ನಲವತ್ತು ನಿಮಿಷ ಸಂಗೀತ ಕೇಳಬೇಕಾಯಿತು. ಕೊನೆಗೆ ಒಂದು ಹೆಣ್ಣುದನಿ, ಪಠ್ಯಪುಸ್ತಕದಿಂದ ಎದ್ದು ಬಂದ ಹಾಗೆ ಮಾತಾಡಿತು.

"ನಮಸ್ಕಾರ. ತಮ್ಮ ಪ್ರಯಾಣವನ್ನು ಸುಖಕರಗೊಳಿಸಲು ನಾನು ಹೇಗೆ ನೆರವಾಗಲಿ?"

"ಟಿಕೆಟ್ ನನ್ನ ಹೆಸ್ರಿಗೈತ್ರಿ. ಹೋಗಾಕಿ ನನ್ನ ಮಗಳು."

"ಕ್ಷಮಿಸಿ, ಹೆಸರು ಬದಲಾವಣೆಗೆ ಅವಕಾಶವಿರುವುದಿಲ್ಲ."

"ಬದಲಾವಣೆ ಅಲ್ರೀ ತಾಯಿ. ನಾ ಮನ್ಯಾಗಿರ್ತೀನಿ, ಆಕಿ ಬರ್ತಾಳ. ನಿಮಗೇನಿದ್ರೂ ಒಂದೇ ಆಳು. ಭಾರನೂ ಕಮ್ಮಿ ಆಗ್ತತಿ. ನಾ ಎಪ್ಪತ್ತು ಕೆಜಿ, ಆಕಿ ನಲವತ್ತೈದು."

"ತಾವು ಟಿಕೆಟ್ ರದ್ದುಪಡಿಸಿದಲ್ಲಿ ಆರುನೂರ ಹನ್ನೆರಡು ರೂಪಾಯಿ ಏಳು ಕೆಲಸದ ದಿನಗಳೊಳಗೆ ಮರಳುತ್ತದೆ."

"ಕೊಟ್ಟಿದ್ದು ಐದು ಸಾವಿರದ ಆರುನೂರು."

"ಉಳಿದದ್ದು ಮರುಪಾವತಿಯಾಗದ ದರ."

ಸಿದ್ಧಲಿಂಗೇಶ ಬಾಗಿ ಫೋನಿಗೆ ಬಾಯಿಟ್ಟ. "ಮೇಡಂ, ಟಿಕೆಟ್ ತಗೊಂಡ ಎರಡು ದಿನದೊಳಗೆ ಕ್ಯಾನ್ಸಲ್ ಮಾಡಿದ್ರ ಪೂರ್ತಿ ವಾಪಸ್ ಅಂತ ಪೇಪರಿನಾಗ ಓದೀನಿ."

"ಬಹಳ ದಿನ ಮುಂಚಿತವಾಗಿ ಕೊಂಡವರಿಗೆ ಆ ಸೌಲಭ್ಯ. ತಾವು ನಾಲ್ಕು ದಿನ ಮುಂಚೆ ಕೊಂಡಿದ್ದೀರಿ."

ಪುರುಸೊತ್ತು ಇದ್ದವರಿಗೆ ದುಡ್ಡು ವಾಪಸ್, ಅವಸರದಲ್ಲಿ ಇದ್ದವರಿಗೆ ಇಲ್ಲ. ಇಂಥ ನ್ಯಾಯವನ್ನು ಕೂತು ಬರೆದವರ ಕುರ್ಚಿ ಬಹಳ ಮೆತ್ತಗಿರಬೇಕು.

"ಹಂಗಾದ್ರ ಪೂರ್ತಿ ದುಡ್ಡು ಯಾವಾಗ ಕೊಡ್ತೀರಿ?" ಎಂದ ಬೆನಕಪ್ಪ.

"ಪ್ರಯಾಣಿಕರು ಮರಣ ಹೊಂದಿದ ಸಂದರ್ಭದಲ್ಲಿ, ಪ್ರಮಾಣಪತ್ರ ಪರಿಶೀಲಿಸಿ ಪರಿಗಣಿಸಲಾಗುತ್ತದೆ."

ಬೆನಕಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅದಕ್ಕ ಎಷ್ಟು ದಿನ ಟೈಮ್ ಐತ್ರಿ?"

ಮಮತಾ ಫೋನು ಕಸಿದುಕೊಂಡು ಇಟ್ಟಳು. ಅದೇ ವಿಮಾನದಲ್ಲಿ ಇನ್ನೊಂದೇ ಸೀಟು ಉಳಿದಿತ್ತು. ಅದರ ಬೆಲೆ ಈಗ ಹನ್ನೊಂದು ಸಾವಿರದ ನಾಲ್ಕುನೂರು. ಸಂತೆ ಬರುವವರೆಗೆ ಮನೆಯಲ್ಲಿ ಅಷ್ಟು ದುಡ್ಡಿಲ್ಲ. "ಅಪ್ಪ, ಬಸ್ಸಿಗೆ ಹೋಗ್ತೀನಿ" ಎಂದಳು ಎರಡನೇ ಸಲ. ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಪುಟ್ಟಪ್ಪ ಗಂಟಲು ಸರಿಮಾಡಿಕೊಂಡದ್ದರಿಂದ ಅವಳ ಮಾತು ಯಾರಿಗೂ ಕೇಳಲಿಲ್ಲ.

ಪುಟ್ಟಪ್ಪ ತಾಲೂಕು ಕಚೇರಿಯ ಎದುರಿನ ಮರದ ಕೆಳಗೆ ಮೂವತ್ತು ವರ್ಷದಿಂದ ಅರ್ಜಿ, ಕರಾರು, ಕ್ರಯಪತ್ರ ಬರೆಯುತ್ತಿದ್ದವನು. ಜಗತ್ತಿನಲ್ಲಿ ಕಾಗದ ಬರೆದರೆ ಬಗೆಹರಿಯದ ಸಂಗತಿ ಇದೆ ಎಂದು ಅವನು ನಂಬಿರಲಿಲ್ಲ.

"ಇದು ಫೋನಿನಾಗ ಆಗೋ ಕೆಲ್ಸ ಏನ್ರಿ? ಹೆಸ್ರು ಬದಲಾವಣೆ ಅಂದ್ರ ಖಾತೆ ಬದಲಾವಣೆ. ಬಾಯಿಮಾತಿಗೆ ಯಾರ್ ಮಾಡ್ತಾರ? ದಾಖಲೆ ಒಯ್ದು ಮಾರಿಗೆ ಹಿಡೀಬೇಕು. ಸತ್ತೋರ ಹೆಸ್ರಿಂದ ಇದ್ದೋರ ಹೆಸ್ರಿಗೆ ಹನ್ನೆರಡೆಕರೆ ಮಾಡ್ಸಿಕೊಟ್ಟೀನಿ ನಾನು. ಇದ್ದೋನ ಹೆಸ್ರಿಂದ ಮಗಳ ಹೆಸ್ರಿಗೆ ಒಂದು ಕುರ್ಚಿ ಮಾಡ್ಸೋದು ಏನು ದೊಡ್ಡ ಮಾತು?"

ಬೆನಕಪ್ಪನಿಗೆ ಉಸಿರು ಬಂತು. ಹುಟ್ಟಿದಾಗಿನಿಂದ ಕಂಡ ದಾರಿ ಇದು.

ಮಂಗಳವಾರ ಬೆಳಿಗ್ಗೆ ಬಾಂಡ್ ಪೇಪರಿನ ಮೇಲೆ ಪತ್ರ ತಯಾರಾಯಿತು. ಅದನ್ನು ಪುಟ್ಟಪ್ಪ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದಿದ. ಓದುತ್ತಿದ್ದಂತೆ ಜನ ಕೂಡಿದರು.

"ಉಡುತಡಿ ವಾಸಿ ಬೆನಕಪ್ಪನಾದ ನಾನು, ನನ್ನ ಸ್ವಯಾರ್ಜಿತವಾದ ಹಾಗೂ ಯಾವ ಸಾಲ, ಜಪ್ತಿ, ತಕರಾರು ಇಲ್ಲದ ಸೀಟು ನಂಬರ್ ಹದಿನೇಳು ಎ ಎಂಬ ಸ್ವತ್ತನ್ನು ನನ್ನ ಮಗಳಾದ ಮಮತಾಳಿಗೆ ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟಿರುತ್ತೇನೆ. ಚೆಕ್ಕುಬಂದಿ: ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ಹದಿನೇಳು ಬಿ, ಉತ್ತರಕ್ಕೆ ಹದಿನೆಂಟು ಎ, ದಕ್ಷಿಣಕ್ಕೆ ಹದಿನಾರು ಎ. ಈ ಮಧ್ಯೆ ಇರುವ ಸ್ವತ್ತು ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತವಾಗಿ."

"ವಿಮಾನ ತಿರುಗಿದ್ರ ದಿಕ್ಕೆಲ್ಲಾ ಬದಲಾಗ್ತಾವಲ್ಲ ಪುಟ್ಟಪ್ಪಣ್ಣ" ಎಂದ ಸಿದ್ಧಲಿಂಗೇಶ.

"ನಿಂತಾಗಿನ ದಿಕ್ಕು ಅಂತ ಷರಾ ಬರ್ದೀನಿ."

ಮಗಳೆಂಬುದಕ್ಕೆ ವಂಶವೃಕ್ಷ ಬೇಕೆಂದು ಪುಟ್ಟಪ್ಪ, ಅಪ್ಪ, ಮಗಳು ಮೂವರೂ ಗ್ರಾಮ ಆಡಳಿತ ಅಧಿಕಾರಿ ಶರತ್‌ನ ಬಳಿ ಹೋದರು. ಶರತ್ ಚಿಕ್ಕ ವಯಸ್ಸಿನವನು, ಕೆಲಸಕ್ಕೆ ಹೊಸಬ.

"ಯಾವ ಸರ್ವೆ ನಂಬರಿಗೆ ಬೇಕ್ರಿ ಇದು?"

"ಹದಿನೇಳು ಎ" ಎಂದ ಬೆನಕಪ್ಪ.

"ಯಾವ ಊರಿಂದು?"

ಬೆನಕಪ್ಪ ಮೇಲೆ ನೋಡಿದ. ಶರತ್ ಕೂಡ ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಪತ್ರವನ್ನು ಪೂರ್ತಿ ಓದಿದ ಮೇಲೆ ಅವನು ಬಹಳ ಮೆಲ್ಲಗೆ, "ಯಜಮಾನ್ರೇ, ಇವ್ರನ್ನ ಇವತ್ತು ಸಂಜೆ ಬಸ್ಸಿಗೆ ಕಳ್ಸಿಬಿಡ್ರಿ" ಎಂದ. ಕಚೇರಿಯಲ್ಲಿ ಒಂದು ಅರ್ಜಿಗೂ ಇಷ್ಟು ನೇರವಾದ ಉತ್ತರ ಸಿಕ್ಕಿದ್ದನ್ನು ಕಾಣದ ಪುಟ್ಟಪ್ಪನಿಗೆ ಅನುಮಾನವಾಯಿತು. "ಈ ಹುಡುಗಂಗೆ ಕೆಲ್ಸ ಗೊತ್ತಿಲ್ಲ. ನೋಟರಿ ಮಾಡ್ಸನ ನಡೀರಿ."

ಟಗರು ಮಾರಿ ಟಿಕೆಟ್ ಕೊಂಡ ಕಥೆಯನ್ನೆಲ್ಲ ಆಲಿಸಿದ ನೋಟರಿ ವಕೀಲರು ಕನ್ನಡಕ ಏರಿಸಿ ಒಂದೇ ಪ್ರಶ್ನೆ ಕೇಳಿದರು. "ಬೆನಕಪ್ಪನಿಗೆ ಒಡಹುಟ್ಟಿದವರು ಎಷ್ಟು ಮಂದಿ?"

"ಒಬ್ಬಾಕಿ ಅಕ್ಕ. ಚೌಡೇಶ್ವರಿ ಅಂತ. ಸೊರಬಕ್ಕ ಕೊಟ್ಟೀವಿ."

"ಟಗರು ಪಿತ್ರಾರ್ಜಿತ ಹಿಂಡಿನವು. ಅವನ್ನ ಮಾರಿ ಟಿಕೆಟ್ ತಗೊಂಡಿದ್ದು. ಅಂದಮೇಲೆ ಅಕ್ಕನ ಒಪ್ಪಿಗೆ ಸಹಿ ಬೇಕು. ನಾಳೆ ಅವರು ತಕರಾರು ತೆಗೆದರೆ ವಿಮಾನ ಅಷ್ಟಕ್ಕೇ ನಿಲ್ಲುತ್ತೆ."

ವಿಮಾನ ಆಕಾಶದಲ್ಲಿ ತಡೆಯಾಜ್ಞೆಗೆ ಸಿಕ್ಕಿ ನಿಂತ ಚಿತ್ರ ಬೆನಕಪ್ಪನ ಕಣ್ಣಿಗೆ ಕಟ್ಟಿತು. ಮಧ್ಯಾಹ್ನದ ಬಸ್ಸಿಗೆ ಪುಟ್ಟಪ್ಪನನ್ನೂ ಮಗಳನ್ನೂ ಕಟ್ಟಿಕೊಂಡು ಸೊರಬಕ್ಕೆ ಹೊರಟ. ಬಸ್ಸಿನಲ್ಲಿ ಮಮತಾ ದಾಖಲೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತ ಕೂತಿದ್ದಳು. ಗುರುವಾರದ ಹತ್ತು ಗಂಟೆಗೆ ಇನ್ನು ನಲವತ್ತೈದು ತಾಸು.

ಸೊರಬದಲ್ಲಿ ಚೌಡೇಶ್ವರಿ ಹಂಚಿನ ಮನೆಯ ಮುಂದೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ತಮ್ಮ, ಜೊತೆಗೊಬ್ಬ ಪತ್ರ ಬರೆಯುವವನು, ಅವನ ಕೈಯಲ್ಲಿ ಬಾಂಡ್ ಪೇಪರು. ಇಷ್ಟು ಕಂಡದ್ದೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಂದ್ಯಾ ತಮ್ಮ. ಕೂತ್ಕೋ. ಆ ಕಾಗದ ಮಾತ್ರ ಹೊರಗೇ ಇರ್ಲಿ."

"ಅಕ್ಕ, ಒಂದು ಸಹಿ ಅಷ್ಟೇ."

"ಹತ್ತೊಂಬತ್ತು ವರ್ಷದ ಹಿಂದೆ ಹಿಂಗೇ ಹೇಳಿದ್ದೆ. ಒಂದು ಸಹಿ ಅಷ್ಟೇ ಅಂದೆ. ಒಂದು ಹಸಿರು ಸೀರೆ ತಂದಿದ್ದೆ. ನಾನೂ ಹಾಕಿಕೊಟ್ಟೆ. ಸೀರೆ ಎರಡು ವರ್ಷಕ್ಕೆ ಹರಿದುಹೋಯ್ತು. ಎರಡೆಕರೆ ಇನ್ನೂ ನಿನ್ನ ಪಹಣಿಯಲ್ಲಿ ಚೆನ್ನಾಗೇ ಇದೆ."

ಬೆನಕಪ್ಪ ಮೆಣಸಿನಕಾಯಿಗಳನ್ನು ನೋಡಿದ. ಪುಟ್ಟಪ್ಪ ವಾತಾವರಣ ತಿಳಿಗೊಳಿಸಲೆಂದು ಪತ್ರ ಓದಿದ. ಅದರಿಂದ ಅನಾಹುತವೇ ಆಯಿತು. ಚೆಕ್ಕುಬಂದಿ ಕಿವಿಗೆ ಬಿದ್ದದ್ದೇ ಅಕ್ಕಪಕ್ಕದ ಮನೆಯವರು ಬಂದು ಬೇಲಿಗೆ ಆತುಕೊಂಡರು.

"ಪೂರ್ವಕ್ಕೆ ಕಿಟಕಿ ಅಂದ್ನಲ್ಲ. ಕಿಟಕಿ ಇದೆ ಅಂದ್ರೆ ಆಗ್ಲೇ ಮನೆ ಕಟ್ಸಿದಾನೆ" ಎಂದಳು ಒಬ್ಬಳು.

"ಹೈದರಾಬಾದಲ್ಲಿ ಅಂತೆ" ಎಂದ ಇನ್ನೊಬ್ಬ.

"ಒಂದು ದಿನದ ಮಟ್ಟಿಗೆ ಮಗಳ ಹೆಸರಿಗೆ ಮಾಡ್ತಾನಂತೆ. ಕಪ್ಪು ದುಡ್ಡು ಇದ್ದೋರು ಹಂಗೇ ಮಾಡೋದು ಮಾರಾಯ."

ಚೌಡೇಶ್ವರಿಯ ಗಂಡ ಆನಂದಪ್ಪ ಕಾಗದ ಕಂಡರೆ ಬೆವರುವ ಮನುಷ್ಯ. "ನೋಡು ಬೆನಕಪ್ಪ, ನಮ್ಮನ್ನ ಇದಕ್ಕೆ ಸಿಕ್ಕಿಸಬೇಡ. ಆ ವಿಮಾನ ಬಿದ್ರೆ ಸಹಿ ಹಾಕಿದೋರು ಕಟ್ಟಿಕೊಡಬೇಕಾ?"

"ಹಂಗೇನಿಲ್ಲ, ಜಾಮೀನು ಬೇರೆ, ಒಪ್ಪಿಗೆ ಬೇರೆ" ಎಂದು ಪುಟ್ಟಪ್ಪ ವಿವರಿಸತೊಡಗಿದ. ಆನಂದಪ್ಪ ಇನ್ನಷ್ಟು ಬೆವರಿದ.

ಈ ಗದ್ದಲದ ನಡುವೆ ಚೌಡೇಶ್ವರಿ ಹೊಸ್ತಿಲ ಬಳಿ ನಿಂತಿದ್ದ ತಮ್ಮನ ಮಗಳ ಕಡೆ ತಿರುಗಿದಳು. "ಹೋಗೋಳು ನೀನು. ನೀನೇನಂತೀಯೆ?"

ಎರಡು ದಿನದಲ್ಲಿ ಈ ಪ್ರಶ್ನೆ ಮೊದಲ ಬಾರಿಗೆ ಒಬ್ಬರ ಬಾಯಿಂದ ಬಂದಿತ್ತು. ಮಮತಾ ಹೊಸ್ತಿಲು ಬಿಟ್ಟು ಮುಂದೆ ಬಂದಳು. "ಬಸ್ಸಿಗೆ ಹೋಗ್ತೀನಿ ಅಂತ ಹೇಳ್ತಾನೇ ಇದೀನಿ ಅತ್ತೆ. ಟಿಕೆಟ್ ತೆಗ್ಸೋಕಿಂತ ಮುಂಚಿಂದ."

"ಬಸ್ಸು ಬ್ಯಾಡ. ಕಾಗದ ತಯಾರಾಗೇತಿ" ಎಂದ ಬೆನಕಪ್ಪ. ಇಷ್ಟು ಹೊತ್ತಿಗೆ ಅವನಿಗೆ ಮಗಳ ಕೆಲಸಕ್ಕಿಂತ ಆ ಕಾಗದದ ಮೇಲೆ ನಂಬಿಕೆ ಹೆಚ್ಚಾಗಿತ್ತು. "ಇನ್ನೊಂದು ಸಹಿ ಬಿದ್ರ ಮುಗೀತು."

"ಸ್ವತ್ತು ಕಣ್ಣಲ್ಲಿ ನೋಡದೆ ಸಹಿ ಹಾಕೋ ಕಾಲ ಹೋಯ್ತು ತಮ್ಮ" ಎಂದಳು ಚೌಡೇಶ್ವರಿ. "ನಾಳೆ ನಾನೂ ಬರ್ತೀನಿ. ವಿಮಾನ ನೋಡ್ತೀನಿ. ಕುರ್ಚಿ ಇದ್ಯಾ, ಕಿಟಕಿ ಇದ್ಯಾ ಅಂತ ನೋಡಿ ಅಲ್ಲೇ ಸಹಿ."

ಸಂಜೆ ಸಿದ್ಧಲಿಂಗೇಶ ಫೋನು ಮಾಡಿದ. ಉಳಿದಿದ್ದ ಒಂದು ಸೀಟೂ ಹೋಗಿತ್ತು. ಹೈದರಾಬಾದಿಗೆ ಹೋಗುವ ಸಂಜೆಯ ಬಸ್ಸೂ ಅಷ್ಟರಲ್ಲಿ ಹೊರಟುಹೋಗಿತ್ತು.

ಬುಧವಾರ ಮಧ್ಯಾಹ್ನ ಒಂದೂವರೆಗೆ ಬಾಡಿಗೆ ಓಮ್ನಿಯೊಂದು ವಿಮಾನ ನಿಲ್ದಾಣದ ಮುಂದೆ ನಿಂತಿತು. ದ್ಯಾಮಮ್ಮ ಕುರಿ ಕಾಯಲು ಊರಲ್ಲೇ ಉಳಿದಿದ್ದಳು. ಇಳಿದವರು ಕಂಬಳಿ ಹೊದ್ದ ಬೆನಕಪ್ಪ, ಪತ್ರ ಹಿಡಿದ ಪುಟ್ಟಪ್ಪ, ಪೆನ್ನು ಹಿಡಿದ ಚೌಡೇಶ್ವರಿ, ಚೀಲ ಅವುಚಿಕೊಂಡ ಮಮತಾ. ಬಂದೂಕು ಹಿಡಿದ ಜವಾನ ಟಿಕೆಟ್ಟನ್ನೂ ಆಧಾರನ್ನೂ ನೋಡಿ ಬೆನಕಪ್ಪನನ್ನು ಒಳಗೆ ಬಿಡಲು ಸಿದ್ಧನಾದ. ಬೆನಕಪ್ಪ ಮಗಳನ್ನು ಮುಂದೆ ತಳ್ಳಿದ. ಜವಾನ ಮಗಳನ್ನು ಹಿಂದೆ ನಿಲ್ಲಿಸಿ ಬೆನಕಪ್ಪನನ್ನು ಕರೆದ. ಹೀಗೆ ಮೂರು ಸಲವಾಯಿತು. ನಾಲ್ಕನೆಯ ಸಲ ಪುಟ್ಟಪ್ಪ ಬಾಂಡ್ ಪೇಪರನ್ನು ಜವಾನನ ಮುಖಕ್ಕೆ ಹಿಡಿದ. ಕನ್ನಡ ಬಾರದ ಜವಾನ, ಮೊಹರು ಕಂಡು ಗಾಬರಿಯಾಗಿ, ಒಳಗಿನಿಂದ ಕಂಪನಿಯವರನ್ನು ಕರೆಸಿದ.

ಬಂದವಳು ದಿವ್ಯ ಎಂಬ ಹುಡುಗಿ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಜಲ, ತರು, ಪಾಷಾಣದ ಹತ್ತಿರ ಬಂದಾಗ ಅವಳ ತುಟಿ ಅಲುಗಿತು. ಆದರೆ ಮಮತಾಳ ಮುಖ ನೋಡಿದ ಮೇಲೆ ನಗಲಿಲ್ಲ.

"ಯಜಮಾನ್ರೇ, ಇಷ್ಟು ಚಂದ ಬರ್ದಿರೋ ಕಾಗದ ನಾನು ನೋಡಿಲ್ಲ. ಆದ್ರೆ ಆಗಲ್ಲ. ಟಿಕೆಟಲ್ಲಿ ಯಾರ ಹೆಸರಿದೆಯೋ ಅವ್ರೇ ಹತ್ತಬೇಕು. ಪ್ರಧಾನ ಕಚೇರಿಯೋರೇ ಹೇಳಿದ್ರೂ ಆಗಲ್ಲ."

"ನಮ್ಮ ಮನೇಲಿ ಎಲ್ಲಾ ನನ್ನ ಹೆಸ್ರಿಗೇ ಅದಾವ ತಾಯಿ" ಎಂದ ಬೆನಕಪ್ಪ. "ನನಗ ಹಿಂಗಾಗ್ತತಿ ಅಂತ ಗೊತ್ತಿಲ್ಲ. ಆಕಿ ನಾಕು ವರ್ಷ ದೀಪ ಹಚ್ಕಂಡು ಓದ್ಯಾಳ. ನಾನೇ ಹಾಳು ಮಾಡಿದ್ನಾ?"

"ಕೌಂಟರ್ ಮುಚ್ಚೋಕೆ ಹನ್ನೊಂದು ನಿಮಿಷ ಇದೆ. ಹೋಗೋದಾದ್ರೆ ನೀವು ಹೋಗಬಹುದು. ಇಲ್ಲಾಂದ್ರೆ ಸೀಟು ಖಾಲಿ ಹೋಗುತ್ತೆ."

ದುಡ್ಡು ಕೊಟ್ಟ ಸೀಟು ಖಾಲಿ ಹಾರಬಹುದು. ಆ ಖಾಲಿಯ ಬಾಡಿಗೆಯನ್ನು ಕಂಪನಿ ಜೇಬಿಗಿಳಿಸಬಹುದು. ಬೇರೆ ಹೆಸರಿಗೆ ಟಿಕೆಟ್ ಮಾಡಿಕೊಡಿ ಎಂದು ಎರಡು ದಿನ ಮೊದಲೇ ಕೈಮುಗಿದವನಿಗೆ ಮಾತ್ರ ಬಾಗಿಲಿಲ್ಲ. ಕುರಿ ವ್ಯಾಪಾರದಲ್ಲಿ ಇಂಥದನ್ನು ಮಾಡಿದರೆ ಸಂತೆಯ ಜನ ಹೆಗಲ ಟವೆಲ್ ಹಿಡಿದೆಳೆದು ಕೇಳುತ್ತಾರೆ. ಆಕಾಶದಲ್ಲಿ ಸಂತೆಯಿಲ್ಲ.

ಪುಟ್ಟಪ್ಪ ಪತ್ರ ಮಡಿಚಿದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಬರೆಯಲು ಏನೂ ತೋಚಲಿಲ್ಲ. ಬೆನಕಪ್ಪ ಮಗಳ ಕಡೆ ತಿರುಗಿದ. "ಈಗೇನ್ ಮಾಡನವ್ವ?"

"ನಾಕು ಗಂಟೆಗೆ ಶಿವಮೊಗ್ಗದಿಂದ ಬಸ್ಸೈತಿ" ಎಂದಳು ಮಮತಾ. ಯೋಚಿಸಿ ಹೇಳಿದಂತಿರಲಿಲ್ಲ, ಎಷ್ಟೋ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಹಾಗಿತ್ತು. "ಬೆಳಿಗ್ಗೆ ಏಳಕ್ಕೆ ಮುಟ್ತತಿ. ನೀ ವಿಮಾನದಾಗ ಹೋಗು. ಬಸ್ಸು ತಡ ಆದ್ರ ಗೇಟ್ ಹತ್ರ ನಮ್ಮೋರು ಒಬ್ರು ಇರ್ಬೇಕು."

"ನಾ ಇದ್ದು ಏನ್ ಮಾಡ್ಲಿ?"

"ಬರ್ತಾ ಅದಾಳ ಅಂತ ಹೇಳು."

"ದಾಖಲೆ ಆದ್ರೂ ನನ್ನ ಕೈಯಾಗ ಕೊಡು. ವಿಮಾನದಾಗ ಬೇಗ ಹೋಗ್ತಾವ."

"ನನ್ನ ಮಾರ್ಕ್ಸ್ ಕಾರ್ಡು ನನ್ನ ಜೊತಿಗೇ ಬರ್ತಾವಪ್ಪ" ಎಂದು ಅವಳು ಚೀಲದ ಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡಳು. ಚೌಡೇಶ್ವರಿ ಬ್ಲೌಸಿನಿಂದ ಪರ್ಸು ತೆಗೆದು ಬಸ್ಸಿನ ದುಡ್ಡು ಅವಳ ಕೈಗಿಟ್ಟಳು. "ಇದಕ್ಕೆ ಯಾರ ಸಹಿನೂ ಬೇಡ. ನಡಿ."

ಒಳಗಿನ ತಪಾಸಣೆಯಲ್ಲಿ ಬೆನಕಪ್ಪನ ಬೀಡಿ, ಬೆಂಕಿಪೊಟ್ಟಣ ಹೋದವು. ಕಂಬಳಿ ಒಂದು ಪೆಟ್ಟಿಗೆಯೊಳಗೆ ಒಬ್ಬಂಟಿಯಾಗಿ ಹೋಗಿ ಆಚೆ ಕಡೆ ಬಂತು. ಹಿಂದಿನ ಸಾಲಿನವರು ಮೊದಲು ಹತ್ತಬೇಕೆಂಬ ಹೊಸ ಕ್ರಮವನ್ನು ಧ್ವನಿವರ್ಧಕ ಸಾರಿತು. ಈ ಎರಡು ದಿನದಲ್ಲಿ ವಿಮಾನದವರ ಒಂದೇ ಒಂದು ನಿಯಮ ಬೆನಕಪ್ಪನಿಗೆ ಸರಿ ಕಂಡದ್ದೆಂದರೆ ಇದು. ಲಾರಿಗೆ ಕುರಿ ತುಂಬುವಾಗ ಅವನೂ ಹಾಗೇ ಮಾಡುತ್ತಿದ್ದ. ಪೂರ್ವಕ್ಕಿದ್ದ ಕಿಟಕಿಯಿಂದ ಅವನು ಒಮ್ಮೆಯೂ ಹೊರಗೆ ನೋಡಲಿಲ್ಲ. ಚಹಾ ತಂದ ಹುಡುಗಿಗೆ, "ಶಿವಮೊಗ್ಗದ ಬಸ್ಸು ಹೊರಟಿರ್ತತೇನವ್ವ?" ಎಂದು ಕೇಳಿದ. ಅವಳು ಸಕ್ಕರೆ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಗುರುವಾರ ಬೆಳಿಗ್ಗೆ ಆರಕ್ಕೆಲ್ಲ ಅವನು ಹೈದರಾಬಾದಿನ ಆ ಪ್ರಯೋಗಾಲಯದ ಕಬ್ಬಿಣದ ಗೇಟಿನ ಪಕ್ಕ ಕಂಬಳಿ ಹಾಸಿ ಕೂತಿದ್ದ. ಏಳಕ್ಕೆ ಮಮತಾ ಫೋನು ಮಾಡಿದಳು. ಕರ್ನೂಲಿನ ಆಚೆ ಲಾರಿಯೊಂದು ಅಡ್ಡ ಬಿದ್ದು ಎರಡು ತಾಸು ಬಸ್ಸು ನಿಂತಿತ್ತು. ಎಂಟೂವರೆಗೆ ಮಾಡಿದಳು, ಇನ್ನೂ ಊರ ಹೊರಗೆ. ಒಂಬತ್ತೂವರೆಗೆ ಮಾಡಿದಳು, ಆಟೋ ಹತ್ತಿದ್ದಾಳೆ, ಟ್ರಾಫಿಕ್ಕು. ಆಮೇಲೆ ಅವನ ಫೋನಿನ ಚಾರ್ಜು ಮುಗಿಯಿತು.

ಒಂದೊಂದಾಗಿ ಹುಡುಗ ಹುಡುಗಿಯರು ಒಳಗೆ ಹೋದರು. ಹತ್ತಕ್ಕೆ ಐದು ನಿಮಿಷವಿರುವಾಗ ಕಾವಲುಗಾರ ಗೇಟಿನ ಒಂದು ರೆಕ್ಕೆ ಮುಚ್ಚಿದ. ಬೆನಕಪ್ಪ ಎದ್ದು ಬಳಿಗೆ ಹೋದ. "ನನ್ನ ಮಗಳು ಬರ್ತಾ ಅದಾಳ್ರಿ. ಆಟೋದಾಗ ಅದಾಳ." ಕಾವಲುಗಾರ ತೆಲುಗಿನಲ್ಲಿ ಏನೋ ಹೇಳಿ ಗೋಡೆಯ ಗಡಿಯಾರ ತೋರಿಸಿದ. ಬೆನಕಪ್ಪ ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದ. ಕಾವಲುಗಾರ ಎರಡನೆಯ ರೆಕ್ಕೆಗೆ ಕೈ ಹಾಕಿದ.

ಆಗ ಬೆನಕಪ್ಪ ಕಂಬಳಿ ತಂದು ಎರಡು ರೆಕ್ಕೆಗಳ ನಡುವೆ, ಗೇಟು ಕೂರುವ ಕಬ್ಬಿಣದ ಪಟ್ಟಿಯ ಮೇಲೆ ಹಾಸಿದ. ಅದರ ಮೇಲೆ ಕೂತು ಎರಡೂ ಕಾಲನ್ನು ಉದ್ದಕ್ಕೆ ಚಾಚಿದ. ಪೂರ್ತಿ ಹೆಬ್ಬಾಗಿಲಿಗೆ ಒಬ್ಬ ಮನುಷ್ಯ ಅಡ್ಡವಾದ.

ಕಾವಲುಗಾರ ಕೂಗಿದ. ಇನ್ನಿಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು. ಮೊಂಡು ಟಗರುಗಳ ಜೊತೆ ಐವತ್ತು ವರ್ಷ ಬಾಳಿದ ಮೈ ಅದು, ಎತ್ತುವವರಿಗೆ ಹಿಡಿತ ಸಿಗದಂತೆ ಹೇಗೆ ಸಡಿಲ ಬಿಡಬೇಕೆಂದು ಅದಕ್ಕೆ ಗೊತ್ತಿತ್ತು. ಒಳಗಿಂದ ಅಧಿಕಾರಿಯೊಬ್ಬರು ಬಂದರು. ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು.

"ಏನಿದು? ಹತ್ತಾಯ್ತು. ಗೇಟು ಹಾಕಬೇಕು. ನಿಮ್ಮ ಹೆಸರೇನು?"

"ನನ್ನ ಹೆಸ್ರು ಬಿಡ್ರಿ ಸಾಹೇಬ್ರ. ಅದರಿಂದ ಯಾರಿಗೂ ಉಪಯೋಗ ಇಲ್ಲ. ಬರೋ ಹುಡುಗಿ ಹೆಸ್ರು ಮಮತಾ."

"ಹತ್ತಕ್ಕೆ ಗೇಟು ಮುಚ್ಚಿದ ಮೇಲೆ ಯಾರನ್ನೂ ಬಿಡೋ ಹಾಗಿಲ್ಲ."

"ಮುಚ್ಚಿಲ್ಲಲ್ರಿ ಇನ್ನೂ."

ಅಧಿಕಾರಿ ಗೇಟು ನೋಡಿದರು, ಚಾಚಿದ ಕಾಲು ನೋಡಿದರು, ತಮ್ಮದೇ ಸಹಿಯಿದ್ದ ಸೂಚನೆಯನ್ನು ಗೋಡೆಯ ಮೇಲೆ ಓದಿದರು. ಅಷ್ಟರಲ್ಲಿ ತಡವಾಗಿ ಬಂದ ಮೂವರು ಹುಡುಗರು ಬೆನಕಪ್ಪನ ಕಾಲುಗಳನ್ನು ಒಂದೇ ನೆಗೆತಕ್ಕೆ ಹಾರಿ ಒಳಗೆ ಓಡಿದರು. ಅಧಿಕಾರಿ ತಡೆಯಲಿಲ್ಲ. ಸೂಚನೆಯಲ್ಲಿ ಗೇಟು ಮುಚ್ಚಿದ ನಂತರ ಎಂದೇ ಇತ್ತು.

ಹತ್ತು ಗಂಟೆ ಎಂಟು ನಿಮಿಷಕ್ಕೆ ಆಟೋ ನಿಂತಿತು. ಮಮತಾ ಇಳಿದು ಓಡಿ ಬಂದಳು. ಜಡೆ ಬಿಚ್ಚಿತ್ತು, ಕಣ್ಣು ಕೆಂಪಾಗಿತ್ತು, ಚೀಲ ಎದೆಗವುಚಿಕೊಂಡಿದ್ದಳು. ಗೇಟಿನ ಹತ್ತಿರ ಬಂದವಳು ತಟ್ಟನೆ ನಿಂತುಬಿಟ್ಟಳು. ಮುಂದೆ ಅಪ್ಪನ ಕಾಲುಗಳಿದ್ದವು.

"ಕಾಲು ಮಡಿಚಪ್ಪ."

"ಮಡಿಚಿದ್ರ ಹಾಕ್ತಾರ. ದಾಟು."

"ಅಪ್ಪನ ಕಾಲು ದಾಟ್ಬಾರದು."

"ಯಾರಂದ್ರು?"

"ನೀನೇ."

ಕಾವಲುಗಾರ ರೆಕ್ಕೆ ಹಿಡಿದು ಕಾಯುತ್ತಿದ್ದ. ಬೆನಕಪ್ಪನ ಹಣೆಯಿಂದ ಬೆವರು ಕಣ್ಣಿಗಿಳಿಯುತ್ತಿತ್ತು. "ದಾಟವ್ವ" ಎಂದ. "ದಾಟು, ಬೇಗ."

ಮಮತಾ ಚೀಲವನ್ನು ಎತ್ತಿ ಹಿಡಿದು, ಒಂದು ಕಾಲು ಎತ್ತಿಟ್ಟಳು, ಇನ್ನೊಂದು ಕಾಲು ಎತ್ತಿಟ್ಟಳು. ಒಳಗಿನ ಮೇಜಿನವನು ಹೆಸರು ಕೇಳಿದ. ಅವಳು ಹೇಳಿದ್ದು ಹೊರಗಿನವರೆಗೂ ಕೇಳಿಸಿತು. ಅವನು ಪಟ್ಟಿಯಲ್ಲಿ ಹುಡುಕಿ, ಗುರುತು ಹಾಕಿ, ಒಳಬಾಗಿಲ ಕಡೆ ಕೈ ತೋರಿಸಿದ.

ಬೆನಕಪ್ಪ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಕಾವಲುಗಾರ ಇನ್ನೂ ಬೆಪ್ಪಾಗಿ ನಿಂತಿದ್ದ. "ಈಗ ಹಾಕ್ರಿ" ಎಂದು ಬೆನಕಪ್ಪ ಎರಡನೆಯ ರೆಕ್ಕೆಗೆ ತಾನೇ ಕೈ ಕೊಟ್ಟು, ಹೊರಗೆ ನಿಂತು, ಗೇಟನ್ನು ಎಳೆದು ಮುಚ್ಚಿದ.